‘ಷೋ ಲೈನ್’ ಬಾರ್ಡ್ ರಾಕ್ ಮೊಟ್ಟೆ ಅಂತ ದುಡ್ಡು ಹಾಕೋ ಮುಂಚೆ ಇದನ್ನು ಓದಿ

ನಿನ್ನೆ ರಾತ್ರಿ, ಮರಿ ಮಾಡಿಸೋ ಮೊಟ್ಟೆ ಮಾರುವವನೊಬ್ಬನ ಜಾಹೀರಾತಿನ ಅದೇ ಫೋಟೋ ಮತ್ತೆ ಕಣ್ಣಿಗೆ ಬಿತ್ತು. ಅದೇ ಹುಂಜ, ಅದೇ ಸಾಲು: ‘ಷೋ ಲೈನ್ ಬಾರ್ಡ್ ಪ್ಲಿಮತ್ ರಾಕ್, ಕೊನೆಯ 12 ಮೊಟ್ಟೆ ಮಾತ್ರ.’ ಬಾರ್ಡ್ ರಾಕ್ ಅಂದರೆ ಮೈತುಂಬ ಕಪ್ಪು ಬಿಳಿ ಪಟ್ಟೆ ಇರೋ ಕೋಳಿ ತಳಿ; ಷೋ ಲೈನ್ ಅಂದರೆ ಪ್ರದರ್ಶನಕ್ಕೆ ಅಂತಲೇ ಆರಿಸಿ ಬೆಳೆಸಿಕೊಂಡು ಬಂದ ವಂಶ. ಒಂದು ವರ್ಷದ ಹಿಂದೆ ನನಗೆ ಮಾರಿದ್ದೂ ‘ಕೊನೆಯ’ ಮೊಟ್ಟೆಗಳೇ. ಹೇಳಿಕೊಳ್ಳಲು ನಾಚಿಕೆಯಾಗಿ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಆ ಫೋಟೋ ನೋಡಿದ ಮೇಲೆ ನಿದ್ದೆ ಬರಲಿಲ್ಲ, ಎದ್ದು ಕೂತು ಬರೆಯುತ್ತಿದ್ದೇನೆ.

ಈ ತಳಿ ಮೇಲೆ ನನಗೆ ಮೊದಲಿಂದಲೂ ಆಸೆ. 1874ರಲ್ಲಿ ಅಮೆರಿಕದಲ್ಲಿ ಕೋಳಿ ತಳಿಗಳ ಮೊದಲ ಸ್ಟ್ಯಾಂಡರ್ಡ್ (ಯಾವ ತಳಿ ಹೇಗಿರಬೇಕು ಅಂತ ಹೇಳೋ ಪುಸ್ತಕ) ಬಂದಾಗಲೇ ಬಾರ್ಡ್ ರಾಕ್ ಅದರಲ್ಲಿತ್ತು. ಒಳ್ಳೆಯ ಲೈನಿನ ಒಂದು ಪುಕ್ಕ ಕೈಯಲ್ಲಿ ಹಿಡಿದು ನೋಡಿದವರಿಗೆ ನಾನು ಹೇಳೋದು ಅರ್ಥವಾಗುತ್ತದೆ. ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಪಟ್ಟೆ. ತುದಿ ಕಪ್ಪಲ್ಲೇ ಮುಗಿಯಬೇಕು, ಪಟ್ಟೆ ಕೆಳಗೆ ಚರ್ಮದವರೆಗೂ ಇಳಿಯಬೇಕು. ರಾಶಿ ರಾಶಿ ಮರಿ ಮಾಡಿ ಮಾರೋ ಹ್ಯಾಚರಿಗಳ ಕೋಳಿಗಳಲ್ಲೂ ಪಟ್ಟೆ ಇರುತ್ತದೆ, ಆದರೆ ಮಸುಕು ಮಸುಕು, ನೆನೆದ ಕಾಗದದ ಮೇಲೆ ಶಾಯಿ ಹರಡಿದ ಹಾಗೆ. ಅದು ಬೇಡ ಅಂತಲೇ ನಾನು ಷೋ ಲೈನ್ ಹುಡುಕಿಕೊಂಡು ಹೋಗಿದ್ದು.

ನಾನೇನೂ ಕಣ್ಣು ಮುಚ್ಚಿ ದುಡ್ಡು ಕಳಿಸಲಿಲ್ಲ. ಮಾರುವವನನ್ನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಎಷ್ಟು ವರ್ಷದ ಲೈನ್? ‘ಹನ್ನೆರಡು ವರ್ಷ ಸರ್, ಹೊರಗಿನ ರಕ್ತ ಒಂದು ಹನಿ ಸೇರಿಸಿಲ್ಲ ಸರ್.’ ಹುಂಜದ ತೂಕ? ‘ನಾಲ್ಕು ಕೆಜಿ ಮುನ್ನೂರು ಗ್ರಾಂ ಸರ್.’ ಸ್ಟ್ಯಾಂಡರ್ಡ್‌ನಲ್ಲಿ ಬಲಿತ ಹುಂಜಕ್ಕೆ ಹೇಳಿರೋದು ಒಂಬತ್ತೂವರೆ ಪೌಂಡ್, ಅಂದರೆ ಸರಿಯಾಗಿ ಅಷ್ಟೇ. ಅಷ್ಟು ಸರಿಯಾಗಿ ಹೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು! ತಕ್ಕಡಿ ನೋಡಿ ಹೇಳಿದ ತೂಕ ಅಲ್ಲ ಅದು, ಪುಸ್ತಕ ನೋಡಿ ಹೇಳಿದ್ದು. ವಿಡಿಯೋ ಕಳಿಸಿ ಅಂದೆ. ‘ಈಗ ಪುಕ್ಕ ಉದುರಿಸ್ತಾ ಇದೆ ಸರ್, ನೋಡೋಕೆ ಚೆನ್ನಾಗಿರಲ್ಲ.’ ಪುಕ್ಕ ಉದುರಿಸೋದು ಎಲ್ಲ ಕೋಳಿಗೂ ಇದ್ದದ್ದೇ ಅಲ್ವಾ, ನಂಬಿದೆ. ಕೇಳಿದಷ್ಟೂ ದುಡ್ಡು ಹಾಕಿದೆ.

24 ಮೊಟ್ಟೆ ಬಂದವು. ಒಂದು ದಿನ ಚೂಪು ತುದಿ ಕೆಳಗೆ ಮಾಡಿ ಇಟ್ಟು ಆಮೇಲೆ ಇನ್‌ಕ್ಯುಬೇಟರ್‌ಗೆ ಹಾಕಿದೆ. 21ನೇ ದಿನಕ್ಕೆ 11 ಮರಿ. ಪಾರ್ಸೆಲ್‌ನಲ್ಲಿ ಅಲುಗಾಡಿ ಬಂದ ಮೊಟ್ಟೆ, ಅದಕ್ಕೆ ಅವನನ್ನು ದೂರಲ್ಲ. ಆದರೆ ಹನ್ನೊಂದರಲ್ಲಿ ಮೂರು ಮರಿಗಳ ನೆತ್ತಿ ಮೇಲೆ ಬಿಳಿ ಬೊಟ್ಟೇ ಇರಲಿಲ್ಲ. ಬಾರ್ಡ್ ರಾಕ್ ಮರಿ ಅಂದರೆ ಕಪ್ಪು ಮೈ, ನೆತ್ತಿ ಮೇಲೆ ಬಿಳಿ ಬೊಟ್ಟು. ಹೊಸಬರಿಗೂ ಗೊತ್ತಿರೋ ವಿಷಯ ಇದು. ಫೋಟೋ ತೆಗೆದು ಕಳಿಸಿದೆ. ಬಂದ ಉತ್ತರ: ‘ಅಪರೂಪದ ಕಪ್ಪು ಸರ್ ಅದು, ನಿಮ್ಮ ಅದೃಷ್ಟ. ಬೇರೆಯವರು ಜಾಸ್ತಿ ದುಡ್ಡು ಕೊಟ್ಟು ತಗೋತಾರೆ.’

ನಾನು ಅದನ್ನೂ ನಂಬಿದೆ. ನಂಬಿದೆ ಅಂತ ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಹತ್ತು ದಿನಕ್ಕೆಲ್ಲ ಮರಿಗಳಿಗೆ ರೆಕ್ಕೆ ಪುಕ್ಕ ಚೆನ್ನಾಗಿ ಬಂದಿತ್ತು. ಎಷ್ಟು ಆರೋಗ್ಯವಾಗಿವೆ ಅಂತ ಖುಷಿಪಟ್ಟು, ಈ ತಳಿಯನ್ನೇ ತುಂಬಾ ವರ್ಷದಿಂದ ಸಾಕಿರೋ ಹಿರಿಯರೊಬ್ಬರಿಗೆ ವಿಡಿಯೋ ಕಳಿಸಿದೆ. ಅವರು ಹೊಗಳಲಿಲ್ಲ. ‘ಇಷ್ಟು ಬೇಗ ಪುಕ್ಕ ಬಂದರೆ ಷೋ ಲೈನ್ ಅನ್ನೋದು ಅನುಮಾನ ಕಣಪ್ಪ’ ಅಂದರು. ಪಟ್ಟೆ ಚೂಪಾಗಿರೋ ಲೈನ್‌ಗಳಲ್ಲಿ ಪುಕ್ಕ ನಿಧಾನಕ್ಕೆ ಬೆಳೆಯುತ್ತದಂತೆ, ನಿಧಾನಕ್ಕೆ ಬೆಳೆದರೇನೇ ಪಟ್ಟೆ ಕಿರಿದಾಗಿ, ಅಂಚು ಸ್ಪಷ್ಟವಾಗಿ ಬರೋದು. ಚಿಕ್ಕಂದಿನಲ್ಲಿ ಬೋಳು ಬೋಳಾಗಿ ಕಾಣೋ ಮರಿಗಳೇ ಒಳ್ಳೆಯ ಲೈನಿನ ಗುರುತು. ಇದನ್ನು ಮಾರಿದವನಿಗೆ ಹೇಳಿದೆ. ‘ಹಳೇ ಕಾಲದವರು ಹಾಗೇ ಹೇಳ್ತಾರೆ ಸರ್. ಎರಡನೇ ಸಲ ಪುಕ್ಕ ಬರಲಿ, ಆಗ ನೋಡಿ.’

ಕಾದೆ. ಮೂರನೇ ತಿಂಗಳಲ್ಲಿ ಕೇಳಿದರೆ ‘ಐದು ತಿಂಗಳು ಆಗಲಿ’ ಅಂದ. ಐದಕ್ಕೆ ಕೇಳಿದರೆ ‘ದೊಡ್ಡ ತಳಿ ಸರ್, ಎಂಟು ತಿಂಗಳು ಬೇಕು.’ ಪ್ರತಿ ಸಲವೂ ಅರ್ಧ ಸತ್ಯ, ಅದಕ್ಕೇ ಸಿಕ್ಕಿಬಿದ್ದಿದ್ದು. ಈ ತಳಿ ನಿಧಾನ ಅನ್ನೋದು ನಿಜ ತಾನೇ! ಎಂಟು ತಿಂಗಳು ಮೇವು ಹಾಕಿ, ಶೆಡ್ ದೊಡ್ಡದು ಮಾಡಿ, ಇದ್ದ ನಾಲ್ಕು ಹುಂಜಗಳಲ್ಲಿ ಚೆನ್ನಾಗಿ ಕಾಣೋ ಎರಡನ್ನು ತೊಳೆದು ಒರೆಸಿ ಪ್ರದರ್ಶನಕ್ಕೆ ತೆಗೆದುಕೊಂಡು ಹೋದೆ.

ಜಡ್ಜ್ ಪಂಜರ ತೆಗೆದು ಮೊದಲನೇ ಹುಂಜವನ್ನು ಕೈಗೆ ತಗೊಂಡರು. ರೆಕ್ಕೆ ಬಿಡಿಸಿ ನೋಡಿದರು. ಬೆನ್ನಿನ ಪುಕ್ಕವನ್ನು ಬೆರಳಿಂದ ಸರಿಸಿದರು, ನಾನೂ ಬಗ್ಗಿ ನೋಡಿದೆ. ಪಟ್ಟೆ ಅರ್ಧಕ್ಕೇ ನಿಂತಿತ್ತು, ಕೆಳಗೆಲ್ಲ ಬರೀ ಬೂದು. ಆಮೇಲೆ ಕಾಲು ತಿರುಗಿಸಿದರು. ಹೊರಗಿನ ಎರಡು ಬೆರಳುಗಳ ನಡುವೆ ಒಂದು ಸಣ್ಣ ಪುಕ್ಕ, ಅಕ್ಕಿ ಕಾಳಿನಷ್ಟು ಉದ್ದ ಇರಬಹುದು. ಈ ತಳಿಗೆ ಕಾಲು ಪೂರ್ತಿ ಬೋಳಾಗಿರಬೇಕು, ಒಂದು ಎಳೆ ಪುಕ್ಕ ಇದ್ದರೂ ನೇರವಾಗಿ ಅನರ್ಹ. ‘ಮನೆಯಲ್ಲಿ ಇದನ್ನ ನೋಡ್ಲಿಲ್ವಾ?’ ಅಂದರು, ಮೆಲ್ಲಗೇ ಅಂದರು ಪಾಪ. ಸುತ್ತ ಜನ ನಿಂತಿದ್ದರು. ಎರಡನೆಯದರ ಕೆಂಪು ಜುಟ್ಟಿನ ಪಕ್ಕದಲ್ಲಿ ಚಿಗುರಿನ ಹಾಗೆ ಇನ್ನೊಂದು ಸಣ್ಣ ಮಾಂಸದ ಮೊನೆ, ಅದೂ ಅನರ್ಹ. ಅದು ಏನೋ ಗಾಯ ಅಂದುಕೊಂಡಿದ್ದೆ ನಾನು.

ಅಲ್ಲಿಂದಲೇ ಅವನಿಗೆ ಮೆಸೇಜ್ ಮಾಡಿದೆ. ಬಂದ ಉತ್ತರ ಹಾಗೇ ಹಾಕುತ್ತಿದ್ದೇನೆ: ‘ಕಾಲಿನ ಪುಕ್ಕ ಕಿತ್ತು ತಗೊಂಡು ಹೋಗ್ಬೇಕಿತ್ತು. ಎಲ್ಲರೂ ಮಾಡೋದೇ ಅದು.’

ಅಂದರೆ ಗೊತ್ತಿತ್ತು! ಅವನ ಕೋಳಿಗಳಿಗೆ ಕಾಲಲ್ಲಿ ಪುಕ್ಕ ಬರುತ್ತದೆ ಅಂತ ಮೊದಲೇ ಗೊತ್ತಿತ್ತು. ಇಷ್ಟು ತಿಂಗಳೂ ಗೊತ್ತಿದ್ದೇ ನನ್ನನ್ನು ಕಾಯಿಸಿದ. ಕಿತ್ತು ತಗೊಂಡು ಹೋಗೋದು ಮೋಸ, ಸಿಕ್ಕಿಬಿದ್ದರೆ ಅದಕ್ಕೂ ಅನರ್ಹ ಮಾಡುತ್ತಾರೆ. ಅದು ಬಿಡಿ, ಪುಕ್ಕ ಕಿತ್ತರೆ ರಕ್ತದಲ್ಲಿರೋದು ಹೋಗುತ್ತಾ? ಮರಿಗಳಿಗೆ ಮತ್ತೆ ಬರುತ್ತದೆ.

ಆ ಮೂರು ಕಪ್ಪು ಮರಿಗಳ ಗುಟ್ಟನ್ನೂ ಹಿರಿಯರೇ ಬಿಡಿಸಿ ಹೇಳಿದರು. ಪಟ್ಟೆಯ ಗುಣವನ್ನು ಹೆಣ್ಣು ಮರಿ ಅಪ್ಪನಿಂದ ಮಾತ್ರ ಪಡೆಯುತ್ತದೆ. ಹುಂಜಕ್ಕೆ ಅದು ಎರಡು ಪಾಲು (ಅದರ ಅಪ್ಪನಿಂದ ಒಂದು, ಅಮ್ಮನಿಂದ ಒಂದು) ಇರಬೇಕು, ಹಾಗಿದ್ದರೆ ಹೆಣ್ಣೆಲ್ಲ ಪಟ್ಟೆಯೇ. ಎಲ್ಲೋ ಅಪರೂಪಕ್ಕೆ ಒಂದು ಕಪ್ಪು ಬಂದರೆ ಬೇರೆ ಮಾತು. ನನ್ನ ಏಳು ಹೆಣ್ಣಲ್ಲಿ ಮೂರು ಕಪ್ಪು. ಅಂದರೆ ಅಪ್ಪನಿಗೇ ಇದ್ದದ್ದು ಒಂದೇ ಪಾಲು, ಎಲ್ಲೋ ಹಿಂದೆ ಬೇರೆ ಜಾತಿ ಕೋಳಿ ಸೇರಿದೆ. ‘ಹೊರಗಿನ ರಕ್ತ ಒಂದು ಹನಿ ಇಲ್ಲ’ ಅಂದಿದ್ದು ಇದನ್ನೇ! ಇದನ್ನು ಮಾರಿದವನ ಹತ್ತಿರ ಕೇಳಿದ ಮೇಲೆ ಅವನ ಬಾಯಿಂದ ‘ಸರ್’ ಹೋಯಿತು. ‘ಹೊಸಬರಿಗೆ ಬ್ರೀಡಿಂಗ್ ಅರ್ಥ ಆಗಲ್ಲ. ನಾನು ಮೊಟ್ಟೆ ಮಾರಿದ್ದು, ಕಪ್ ಅಲ್ಲ.’ ಫೋಟೋದಲ್ಲಿರೋ ಹುಂಜವನ್ನಾದರೂ ತೋರಿಸಿ ಅಂದೆ. ‘ಅದು ಹೋದ ವಾರ ಸತ್ತೋಯ್ತು.’ ಆಮೇಲೆ ಬ್ಲಾಕ್.

ಸತ್ತ ಹುಂಜದ ಮೊಟ್ಟೆ ನಿನ್ನೆಯೂ ಮಾರಾಟಕ್ಕಿದೆ.

ತಗೊಳ್ಳೋರು ಫೋಟೋ ಕೇಳಬೇಡಿ, ಫೋಟೋ ಯಾರದ್ದಾದರೂ ಇರಬಹುದು. ಇವತ್ತಿನ ತಾರೀಖು ಬರೆದ ಚೀಟಿ ಪಕ್ಕದಲ್ಲಿಟ್ಟು ವಿಡಿಯೋ ಮಾಡಿ ಅನ್ನಿ: ಅಪ್ಪ ಅಮ್ಮ ಇಬ್ಬರ ಕಾಲ್ಬೆರಳ ಸಂದು, ಜುಟ್ಟಿನ ಎರಡೂ ಪಕ್ಕ, ಪುಕ್ಕ ಸರಿಸಿ ಚರ್ಮದ ಹತ್ತಿರದ ಬಣ್ಣ. ತೂಕ ಹೇಳಿದರೆ ತಕ್ಕಡಿ ಮೇಲೆ ಇಟ್ಟು ತೋರಿಸಲಿ. ಪುಕ್ಕ ಉದುರಿಸ್ತಾ ಇದೆ ಅಂದರೆ ಉದುರಿಸಿ ಮುಗಿಯೋವರೆಗೆ ಕಾಯುತ್ತೇನೆ ಅನ್ನಿ. ನಿಜವಾದ ಬ್ರೀಡರ್‌ಗೆ ಇದರಿಂದ ಸಿಟ್ಟು ಬರಲ್ಲ. ನನಗೆ ದಾರಿ ತೋರಿಸಿದ ಆ ಹಿರಿಯರು ತಮ್ಮ ಕೋಳಿಗಳ ಕುಂದುಗಳನ್ನೇ ಮೊದಲು ತೋರಿಸಿದರು.

ಫೋಟೋದ ಗುರುತು ಹೇಳುತ್ತೇನೆ. ಹುಂಜದ ಎಡಗಾಲಲ್ಲಿ ಹಸಿರು ಬಳೆ, ಹಿಂದೆ ನೀಲಿ ಟಾರ್ಪಾಲು, ಟಾರ್ಪಾಲಿನ ಬಲ ಮೂಲೆ ಹರಿದಿದೆ. ಅದು ಕಂಡರೆ ಒಂದು ಪೈಸೆನೂ ಹಾಕಬೇಡಿ.