ಬ್ಯಾಂಶ್ ಕಾರ್ನಿವಲ್ ಟೂರ್: ಹಬ್ಬಕ್ಕೆ ಐದು ಸ್ಟಾರ್, ಬಸ್ಸಿಗೆ ಎರಡು

ಬೆಲ್ಜಿಯಂನ ಬ್ಯಾಂಶ್ ಕಾರ್ನಿವಲ್‌ಗೆ ಒಂದು ದಿನದ ಬಸ್ ಟೂರ್‌ನಲ್ಲಿ ಹೋಗಿದ್ದೆವು. ಬಸ್ ತಡವಾಗಿ ತಲುಪಿತು. ಹಸಿರು ಕನ್ನಡಕ, ಮೀಸೆ ಇರುವ ಮೇಣದ ಮುಖವಾಡ ಹಾಕಿಕೊಂಡು ಈ ಹಬ್ಬದ ಸಾಂಪ್ರದಾಯಿಕ ವೇಷಧಾರಿಗಳಾದ 'ಜಿಲ್'ಗಳು ಬರುವುದು ಬೆಳಿಗ್ಗೆ ಮಾತ್ರ, ಅದೇ ತಪ್ಪಿಹೋಯಿತು. ತುಂಬಾ ಬೇಜಾರಾಯಿತು. ಇದನ್ನು ಟೂರ್‌ನವರು ಮೊದಲೇ ಹೇಳಬೇಕಿತ್ತು ಅಲ್ವಾ?

ಆದರೆ ಮಧ್ಯಾಹ್ನ! ಉಷ್ಟ್ರಪಕ್ಷಿ ಗರಿಗಳ ದೊಡ್ಡ ಟೋಪಿ, ಸೊಂಟದಲ್ಲಿ ಗಂಟೆ, ಕಾಲಲ್ಲಿ ಮರದ ಚಪ್ಪಲಿ, ಡೋಲಿನ ತಾಳಕ್ಕೆ ಕುಣಿಯುತ್ತಾ ಬುಟ್ಟಿಯಿಂದ ಕಿತ್ತಳೆ ಎಸೆಯುತ್ತಾ ಅವರು ಸಾಗಿ ಬರುವಾಗ ಮೈ ಜುಮ್ಮೆಂದಿತು. ಕಿತ್ತಳೆ ಸಿಕ್ಕರೆ ಇಟ್ಟುಕೊಳ್ಳಿ, ವಾಪಸ್ ಎಸೆದರೆ ಅವಮಾನ. ಕಿಟಕಿಗಳಿಗೆಲ್ಲ ಜಾಲರಿ ಯಾಕೆ ಹಾಕಿದ್ದಾರೆ ಅಂತ ಆಮೇಲೆ ಗೊತ್ತಾಯಿತು! 2003ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿದ್ದು ಸುಮ್ನೆ ಅಲ್ಲ. ಹೋಗುವವರು ಹಿಂದಿನ ರಾತ್ರಿಯೇ ಹತ್ತಿರದಲ್ಲಿ ಉಳಿದುಕೊಳ್ಳಿ.