ಕೊಲೆ ನಡೆದ ಮನೆ ತೊಳೆಯಲು ‘ಠಾಣೆಯಿಂದ ಬಂದಿದ್ದೇವೆ’ ಎಂದು ಯಾರಾದರೂ ಹೇಳಿದರೆ ಒಳಗೆ ಬಿಡಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟನ್ನಾದರೂ ಓದಿಕೊಳ್ಳಿ. ಕೊಲೆಯೋ ಆತ್ಮಹತ್ಯೆಯೋ ನಡೆದ ಮನೆಯನ್ನು ಪೊಲೀಸರು ತೊಳೆಸಿಕೊಡುವುದಿಲ್ಲ. ತೊಳೆಯುವುದು ಮನೆಯವರ ಕೆಲಸ, ಖರ್ಚೂ ಅವರದೇ. ಇದು ಗೊತ್ತಿಲ್ಲದವರನ್ನೇ ಹುಡುಕಿಕೊಂಡು ಬಂದು ದುಡ್ಡು ಕೀಳುವ ಜನರಿದ್ದಾರೆ. ನಮ್ಮ ಮನೆಗೆ ಬಂದಿದ್ದರು.

ಮೈಸೂರಿನಲ್ಲಿ ಒಬ್ಬರೇ ಇದ್ದ ನನ್ನ ಸೋದರತ್ತೆಯನ್ನು ಒಡವೆಗಾಗಿ ಕೊಂದರು. ಅದರ ವಿವರ ಇಲ್ಲಿ ಬೇಡ, ಪ್ರಕರಣ ನ್ಯಾಯಾಲಯದಲ್ಲಿದೆ. ಪೊಲೀಸರು ಮಹಜರು ಮಾಡಿದರು, ವಿಧಿವಿಜ್ಞಾನ ಪ್ರಯೋಗಾಲಯದವರು ಬಂದು ಮಾದರಿ ತೆಗೆದುಕೊಂಡು ಹೋದರು, ಹಾಸಿಗೆಯನ್ನು ಮುದ್ದೆಮಾಲು, ಅಂದರೆ ಸಾಕ್ಷ್ಯದ ವಸ್ತು, ಎಂದು ಕಟ್ಟಿಕೊಂಡು ಒಯ್ದರು. ಅವರ ಬಗ್ಗೆ ನನಗೆ ದೂರಿಲ್ಲ. ಕೊನೆಗೆ ಬೀಗದ ಕೈ ಕೊಟ್ಟು, ‘ನಮ್ಮದು ಮುಗಿಯಿತು, ಇನ್ನು ನೀವು ಮನೆ ಬಳಸಬಹುದು’ ಎಂದರು. ಒಳಗೆ ಹೋಗಿ ನೋಡಿದರೆ ಎಲ್ಲವೂ ಇದ್ದ ಹಾಗೆಯೇ ಇತ್ತು. ಗಾಡ್ರೆಜ್ ಬೀರುವಿನ ಮೇಲೆ, ಬಾಗಿಲ ಚೌಕಟ್ಟಿನ ಮೇಲೆ ಬೆರಳಚ್ಚಿನವರು ಹಚ್ಚಿದ ಕಪ್ಪು ಪುಡಿ. ನೆಲದ ಮೇಲೆ, ಮಂಚದ ಕಾಲಿನ ಸುತ್ತ, ಒಣಗಿದ್ದು. ವೈಕುಂಠ ಸಮಾರಾಧನೆಗೆ ನೆಂಟರೆಲ್ಲ ಅದೇ ಮನೆಗೆ ಬರುವವರಿದ್ದರು. ಅಪ್ಪ ಆ ಕೋಣೆಯ ಹೊಸ್ತಿಲು ದಾಟಲಾಗದೆ ಹಜಾರದಲ್ಲೇ ಕುಳಿತುಬಿಟ್ಟರು. ಸತ್ತವರು ಅವರ ಒಬ್ಬಳೇ ತಂಗಿ.

ಆಗ ಗೇಟಿನ ಬಳಿ ಒಬ್ಬ ಬಂದ. ಕೊರಳಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೈಲು. ಅತ್ತೆಯ ಹೆಸರು ಹೇಳಿದ, ಯಾವ ಕೋಣೆಯಲ್ಲಿ ನಡೆದದ್ದು ಎಂಬುದನ್ನೂ ಹೇಳಿದ. ಅವನಿಗೆ ಅದನ್ನೆಲ್ಲ ಯಾರು ಹೇಳಿದರು? ಈ ಪ್ರಶ್ನೆಗೆ ಇವತ್ತಿಗೂ ಯಾರೂ ಉತ್ತರ ಕೊಟ್ಟಿಲ್ಲ. ‘ಠಾಣೆಯಿಂದ ಬಂದಿದ್ದೇವೆ ಸರ್, ಇಂಥ ಮನೆಗಳನ್ನು ನಾವೇ ಶುಚಿ ಮಾಡಬೇಕು, ಹೊಸ ಕಾನೂನು. ಶುಚೀಕರಣದ ಪ್ರಮಾಣಪತ್ರವನ್ನು ಠಾಣೆಗೆ ಕೊಡದಿದ್ದರೆ ಮತ್ತೆ ಸೀಲ್ ಹಾಕುತ್ತಾರೆ’ ಎಂದ. ಮನೆಯಲ್ಲಿ ಸೂತಕ, ಎದುರಿಗೆ ಅಪ್ಪನ ಮುಖ. ಆ ಹೊತ್ತಿನಲ್ಲಿ ಕಾನೂನು ಪುಸ್ತಕ ತೆಗೆದು ನೋಡುವವರು ಯಾರು? 38,000 ರೂಪಾಯಿ ಕೇಳಿದ, ಕೊಟ್ಟೆವು.

ಕೆಲಸಕ್ಕೆ ಬಂದವರು ಇಬ್ಬರು. ಅವರಲ್ಲೊಬ್ಬ ಹೆಂಗಸು, ವಯಸ್ಸಾದವರು. ಕೈಗವಸಿಲ್ಲ, ಮೂಗಿಗೆ ಸೆರಗು. ಫಿನೈಲ್ ಡಬ್ಬ, ಒಂದು ಬಕೆಟ್, ಹಳೆಯ ಬಟ್ಟೆ, ಅಷ್ಟೇ ಸಾಮಾನು. ಒಣಗಿದ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಾಣು ಕನಿಷ್ಠ 7 ದಿನ ಬದುಕಿರಬಲ್ಲದು. ಆ ತಾಯಿ ಬರಿಗೈಯಲ್ಲಿ ಉಜ್ಜುತ್ತಿದ್ದರು. ನಾನು ಕೈಗವಸು ತರಿಸಿಕೊಡುತ್ತೇನೆ ಎಂದಾಗ ಅವನು ‘ಅವರಿಗೆ ಅಭ್ಯಾಸವಾಗಿದೆ ಸರ್’ ಎಂದ. ಬೀರುವಿನ ಮೇಲಿನ ಕಪ್ಪು ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಗೋಡೆಯವರೆಗೂ ಹರಡಿದರು. ಗಂಟೆಯೂ ಆಗಿರಲಿಲ್ಲ, ಅಗರಬತ್ತಿ ಹಚ್ಚಿಟ್ಟು, ದುಂಡು ಮೊಹರು ಒತ್ತಿದ ಒಂದು ಕಾಗದ ಕೊಟ್ಟು ಹೊರಟೇಹೋದರು.

ಆ ಕಾಗದ ಹಿಡಿದುಕೊಂಡು ಠಾಣೆಗೆ ಹೋದೆ. ರೈಟರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದೇನು? ಇದನ್ನು ನಿಮಗೆ ಯಾರು ಕೇಳಿದರು?’ ಎಂದರು. ನಾನು ಇನ್ನೂ ವಿವರಿಸುತ್ತಲೇ ಇದ್ದೆ, ‘ನೀವೇ ಕಳಿಸಿದ್ದಿರಲ್ಲ’ ಎನ್ನುತ್ತಲೇ ಇದ್ದೆ. ಪಕ್ಕದ ಮೇಜಿನವರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಸಬ್ ಇನ್‌ಸ್ಪೆಕ್ಟರ್ ಒಳಗಿನಿಂದ ಬಂದು, ‘ತೊಳೆಯುವುದಕ್ಕೂ ನಮಗೂ ಸಂಬಂಧವಿಲ್ಲ. ನಾವು ಯಾರನ್ನೂ ಕಳಿಸುವುದಿಲ್ಲ’ ಎಂದು ಸಮಾಧಾನವಾಗಿಯೇ ಹೇಳಿದರು. ಕಾಲ ಕೆಳಗಿನ ನೆಲ ಕುಸಿದಂತಾಯಿತು. ಅತ್ತೆಯ ಸಾವಿನ ಮೇಲೆ ಒಬ್ಬ ವ್ಯಾಪಾರ ಮಾಡಿ ಹೋಗಿದ್ದ, ನಾನು ಅವನಿಗೆ ಕಾಫಿ ಕೊಟ್ಟು ಕಳಿಸಿದ್ದೆ.

ಮನೆಗೆ ಬಂದರೆ ವಾಸನೆ. ಅದು ಹಳೆಯ ರೆಡ್ ಆಕ್ಸೈಡ್ ನೆಲ, ಮಂಚದ ಕಾಲಿನ ಹತ್ತಿರ ಬಿರುಕು ಬಿಟ್ಟಿತ್ತು. ಎಲ್ಲವೂ ಆ ಬಿರುಕಿನೊಳಗೇ ಇಳಿದು ನಿಂತಿತ್ತು. ಫಿನೈಲ್ ಹಾಕಿದ್ದು ಮೇಲೆ ಮೇಲೆ. ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ‘ರಕ್ತ ಕಾಣಿಸುತ್ತಿಲ್ಲವಲ್ಲ ಸರ್, ಇನ್ನೇನು ಬೇಕು?’ ವಾಸನೆ ಬರುತ್ತಿದೆ ಎಂದರೆ, ‘ಅದು ನಿಮ್ಮ ಮನಸ್ಸಿನಲ್ಲಿದೆ, ದುಃಖದಲ್ಲಿದ್ದೀರಿ.’ ಬಿಲ್ ಕೊಡಿ ಎಂದರೆ, ‘ಇಂಥ ಕೆಲಸಕ್ಕೆಲ್ಲ ಬಿಲ್ ಇರುವುದಿಲ್ಲ.’ ಠಾಣೆಯವರು ನಿಮ್ಮನ್ನು ಕಳಿಸಿಲ್ಲವಂತೆ ಎಂದರೆ, ‘ಠಾಣೆ ಕಡೆಯಿಂದ ಬಂದೆವು ಎಂದೆ ಸರ್, ಠಾಣೆಯವರು ಎಂದೆನೇ?’ ನಮ್ಮ ದುಃಖವನ್ನೇ ನಮ್ಮ ವಿರುದ್ಧದ ಉತ್ತರವಾಗಿ ಬಳಸಿದನಲ್ಲ, ಅದು ದುಡ್ಡು ಹೋದದ್ದಕ್ಕಿಂತ ಹೆಚ್ಚು ಉರಿಯುತ್ತದೆ.

ಅವನು ಹೇಳಿದ ‘ಹೊಸ ಕಾನೂನು’ ಏನೆಂದು ಆಮೇಲೆ ನೋಡಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನಲ್ಲಿ, 7 ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಮಾಡಬೇಕು ಎಂದಿದೆ. ಅವರು ಹೋದ ಮೇಲೆ ನೆಲ ತೊಳೆಯುವವರು ಯಾರು ಎಂಬ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಪ್ರಮಾಣಪತ್ರದ ಸುದ್ದಿಯೂ ಇಲ್ಲ. ಅಲ್ಲಿ ಉಳಿದಿರುವ ಖಾಲಿ ಜಾಗದೊಳಗೇ ಈ ಜನ ನುಸುಳಿಕೊಳ್ಳುತ್ತಾರೆ. ಸರ್ಕಾರ ಇದನ್ನು ಮನೆಯವರ ತಲೆಗೆ ಕಟ್ಟಿ ಕೈತೊಳೆದುಕೊಂಡಿರುವುದು ತಪ್ಪು ಎಂದೇ ನಾನು ಹೇಳುತ್ತೇನೆ. ಮಗಳ ರಕ್ತವನ್ನು ತಾಯಿ ಒರೆಸಬೇಕೇ?

ಕೊನೆಗೆ ಕೈಹಿಡಿದವರು ಆಸ್ಪತ್ರೆಯೊಂದರಲ್ಲಿ ಸ್ವಚ್ಛತೆಯ ಮೇಲ್ವಿಚಾರಣೆ ಮಾಡುತ್ತಿದ್ದ ಪರಿಚಯದವರು. ಕೈಗವಸು, ಮಾಸ್ಕ್ ಹಾಕಿಕೊಂಡು, ಕಲೆಯ ಮೇಲೆ ಹೀರುವ ಬಟ್ಟೆ ಹಾಸಿ, ಶೇ 1ರ ಸೋಡಿಯಂ ಹೈಪೊಕ್ಲೋರೈಟ್ ಎಂಬ ಬ್ಲೀಚ್ ದ್ರಾವಣ ಸುರಿದು, ಹತ್ತು ನಿಮಿಷಕ್ಕೂ ಹೆಚ್ಚು ಬಿಟ್ಟು ತೆಗೆದರು. ಬಿರುಕಿನ ಸುತ್ತಲಿನ ನೆಲವನ್ನು ಉಳಿಯಿಂದ ಕೆತ್ತಿಸಿ ಹೊಸದಾಗಿ ಗಾರೆ ಮಾಡಿಸಬೇಕಾಯಿತು. ಬಚ್ಚಲಿಗೆ ಹಾಕುವ ಆಸಿಡ್ಡನ್ನು ಈ ಹೈಪೊಕ್ಲೋರೈಟ್ ಜೊತೆ ಎಂದೂ ಸೇರಿಸಬಾರದು, ವಿಷದ ಗಾಳಿ ಏಳುತ್ತದೆ ಎಂದು ಅವರು ಮತ್ತೆ ಮತ್ತೆ ಹೇಳಿದರು. ನೀವೂ ನೆನಪಿಡಿ.

ಪೊಲೀಸರು ಹೇಳುವ ಮೊದಲು ಏನನ್ನೂ ತೊಳೆಯಬೇಡಿ, ಸಾಕ್ಷ್ಯ ಅಳಿಸಿದ ಮಾತು ಬಂದೀತು. ‘ಇನ್ನು ಶುಚಿ ಮಾಡಬಹುದು’ ಎಂದು ತನಿಖಾಧಿಕಾರಿಯಿಂದಲೇ, ಸಾಧ್ಯವಾದರೆ ಬರವಣಿಗೆಯಲ್ಲಿ, ಪಡೆಯಿರಿ. ಯಾರಾದರೂ ಠಾಣೆಯ ಹೆಸರು ಹೇಳಿದರೆ ಅವರ ಎದುರಿಗೇ ಠಾಣೆಗೆ ಫೋನ್ ಮಾಡಿ. ಬಿಲ್ ಕೊಡದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಈ ಕೆಲಸವನ್ನು ಮನೆಯ ಹೆಂಗಸರ ಮೇಲೆ, ಮನೆಗೆಲಸದವರ ಮೇಲೆ ಹೊರಿಸಲೂಬೇಡಿ.

ನಾನು ಠಾಣೆಯಲ್ಲಿ ವಂಚನೆಯ ದೂರು ಕೊಟ್ಟಿದ್ದೇನೆ, ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಸಿದ್ಧವಾಗಿದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಮೊನ್ನೆ ಅವನೇ ಫೋನ್ ಮಾಡಿ, ‘ಅರ್ಧ ಹಣ ವಾಪಸ್ ಕೊಡುತ್ತೇವೆ, ದೂರು ತೆಗೆದುಬಿಡಿ ಸರ್, ಸತ್ತವರ ಹೆಸರು ಯಾಕೆ ಬೀದಿಗೆ ತರುತ್ತೀರಿ’ ಎಂದ. ತೆಗೆಯುವುದಿಲ್ಲ ಎಂದೆ.