ಕಾಣದ ಅಕ್ಷರ ಕಾಣಿಸಿದ ಫೋರ್ಜೆಯೊ: ಎರಡೂವರೆ ವರ್ಷ ಬಳಸಿದ ಮೇಲೆ

ನಮ್ಮದು ಕನ್ನಡ ಕಾಗುಣಿತ ತಿದ್ದುವ ಪುಟ್ಟ ಮುಕ್ತ ತಂತ್ರಾಂಶ. ಕೋಡ್ ಕಮ್ಮಿ, ಪದಪಟ್ಟಿಯೇ ಜಾಸ್ತಿ. ಐದು ಜನ ಇದ್ದೇವೆ, ಎಲ್ಲರೂ ಬಿಡುವಾದಾಗ ಕೆಲಸ ಮಾಡುವವರು. ಮೊದಲೆಲ್ಲ ಬಗ್ ಪಟ್ಟಿ ಅಂತ ಇದ್ದದ್ದು ವಾಟ್ಸ್ಯಾಪ್ ಗುಂಪೇ. ಯಾರೋ ಸ್ಕ್ರೀನ್‌ಶಾಟ್ ಹಾಕುವುದು, ನಾನು 'ನೋಡ್ತೀನಿ' ಅನ್ನುವುದು, ಸಂಜೆಯೊಳಗೆ ಅದು ಹಬ್ಬದ ಶುಭಾಶಯಗಳ ಅಡಿಯಲ್ಲಿ ಹೂತುಹೋಗುವುದು.

ದೂರುಗಳನ್ನೂ ತಿದ್ದುಪಡಿಗಳ ಪರಿಶೀಲನೆಯನ್ನೂ ನೋಡಿಕೊಳ್ಳುವ ಸರಿಯಾದ ಸಾಧನವೊಂದನ್ನು ಆರಿಸೋಣ ಎಂದು ಕೂತಾಗ ಮೊದಲು ನೋಡಿದ್ದು ಬಗ್‌ಜಿಲ್ಲಾ. ದೂರುಗಳ ಪಟ್ಟಿ ಇಡುವುದರಲ್ಲಿ 1998ರಿಂದ ಪಳಗಿದ ಕೈ ಅದು, ಆದರೆ ಪರಿಶೀಲನೆಗೆ ಬೇರೆ ಸಾಧನ ಹುಡುಕಬೇಕು. ಗೆರಿಟ್ ಹುಟ್ಟಿದ್ದೇ ಕೋಡ್ ಪರಿಶೀಲನೆಗೆ. ಆಂಡ್ರಾಯ್ಡ್ ಕೋಡಿನ ಪರಿಶೀಲನೆ ನಡೆಯುವುದು ಅದರಲ್ಲೇ. ಅದರಲ್ಲಿ ಬಗ್ ಪಟ್ಟಿ ಇಲ್ಲ. ಗಿಟ್‌ಲ್ಯಾಬ್‌ನಲ್ಲಿ ಎರಡೂ ಉಂಟು, ಅದು ಕೇಳುವಷ್ಟು ಮೆಮೊರಿ ನಮ್ಮ 1 ಜಿಬಿ ಬಾಡಿಗೆ ಸರ್ವರ್‌ನಲ್ಲಿಲ್ಲ. ತಿಂಗಳಿಗೆ 450 ರೂಪಾಯಿ ನಾನೇ ಕಟ್ಟುತ್ತೇನೆ, ಅದಕ್ಕಿಂತ ಹೆಚ್ಚು ಆಗದು. ಕೊನೆಗೆ ನಿಂತದ್ದು ಫೋರ್ಜೆಯೊ. 2022ರ ಕೊನೆಯಲ್ಲಿ ಗಿಟೀ ಎಂಬ ಇಂಥದ್ದೇ ತಂತ್ರಾಂಶದಿಂದ ಕವಲೊಡೆದದ್ದು, ಬರ್ಲಿನ್ನಿನ ಕೋಡ್‌ಬರ್ಗ್ ಸಂಘದ ಆಸರೆಯಲ್ಲಿದೆ. ಎಸ್ಪೆರಾಂಟೊ ಭಾಷೆಯಲ್ಲಿ ಆ ಹೆಸರಿಗೆ ಕುಲುಮೆ ಎಂದರ್ಥ. ಒಂದೇ ಫೈಲ್ ಇಳಿಸಿಕೊಂಡು ಎಸ್‌ಕ್ಯೂಲೈಟ್ ಎಂಬ ಪುಟ್ಟ ದತ್ತಸಂಚಯದ ಜೊತೆ ಓಡಿಸಿದೆ, ಒಂದು ಭಾನುವಾರ ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು.

ಈಗ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊದಲು ತೆರೆಯುವುದು ಅದನ್ನೇ. ರಾತ್ರಿ ಬಂದ ದೂರುಗಳಿಗೆ ಒಂದೊಂದು ಚೀಟಿ ಅಂಟಿಸುತ್ತೇನೆ: 'ಒತ್ತಕ್ಷರ', 'ಸಂಧಿ', 'ಅನ್ಯದೇಶ್ಯ'. ತಿದ್ದುಪಡಿಯ ಟಿಪ್ಪಣಿಯಲ್ಲಿ 'ಫಿಕ್ಸಸ್' ಎಂಬ ಇಂಗ್ಲಿಷ್ ಪದದ ಜೊತೆ ದೂರಿನ ಸಂಖ್ಯೆ ಬರೆದಿದ್ದರೆ, ಅದನ್ನು ಒಪ್ಪಿ ಸೇರಿಸಿದ ಕ್ಷಣವೇ ಆ ದೂರು ತಾನೇ ಮುಚ್ಚಿಕೊಳ್ಳುತ್ತದೆ. ಆಫೀಸಿಗೆ ಹೊರಡುವ ಮುಂಚೆ ಒಂದೆರಡಾದರೂ ಹಾಗೆ ಮುಚ್ಚಿದರೆ ಆ ದಿನವೆಲ್ಲ ಮನಸ್ಸು ಹಗುರ.

ಆದರೆ ನಾನು ಇದನ್ನು ಬರೆಯಲು ಕೂತದ್ದು ಒಂದೇ ಒಂದು ಗುಂಡಿಯ ಸಲುವಾಗಿ.

'ರ‍್ಯಾಂಕ್' ಪದಕ್ಕೆ ಕೆಂಪು ಗೆರೆ ಬೀಳುತ್ತದೆ ಎಂದು ಒಬ್ಬರು ದೂರು ಕೊಟ್ಟಿದ್ದರು. ಪಟ್ಟಿಯಲ್ಲಿ ನೋಡಿದರೆ ಪದ ಇದೆ. ಎರಡು ರಾತ್ರಿ ತಲೆ ಕೆಡಿಸಿಕೊಂಡೆ. 'ಆರ್ಯ'ದಲ್ಲಿರುವಂತೆ ಅರ್ಕಾವೊತ್ತು ಬಾರದೆ, ರಕಾರ ಪೂರ್ತಿಯಾಗಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಬೇಕು, ಝಡ್‌ಡಬ್ಲ್ಯೂಜೆ. ಯುನಿಕೋಡ್ ಪ್ರಕಾರ ಅದರ ಜಾಗ ರಕಾರದ ನಂತರ, ಹಲಂತಕ್ಕೆ ಮುಂಚೆ. ಹಳೆಯ ಪಠ್ಯಗಳಲ್ಲಿ ಹಲಂತದ ನಂತರವೂ ಬರುತ್ತದೆ. ಹಳೆಯದು ಕೆಡದಿರಲಿ ಎಂದು, ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎರಡನ್ನೂ ಒಂದೇ ಥರ ಮೂಡಿಸುತ್ತದೆ. ನಮ್ಮ ಕಣ್ಣಿಗೆ ಒಂದೇ ಪದ, ಕಂಪ್ಯೂಟರಿಗೆ ಎರಡು.

ಇದು ಬಯಲಾದದ್ದು ಫೋರ್ಜೆಯೊದ ತಿದ್ದುಪಡಿಯ ಪುಟದಲ್ಲಿ. ಅಲ್ಲಿ ತೆಗೆದ ಸಾಲು, ಸೇರಿಸಿದ ಸಾಲು ಎರಡೂ ಪಡಿಯಚ್ಚು. ಪಕ್ಕದಲ್ಲಿ ಎಚ್ಚರಿಕೆಯ ತ್ರಿಕೋನ. ಒತ್ತಿದೆ. ಅಕ್ಷರ ಬಿಚ್ಚಿಕೊಂಡು ನಡುವೆ 'ಯು+200ಡಿ' ಎಂದು ಆ ಜೋಡಕದ ಯುನಿಕೋಡ್ ಸಂಖ್ಯೆ ಎದ್ದು ಕಂಡಿತು, ಮೇಲಿನ ಸಾಲಿನಲ್ಲಿ ಹಲಂತದ ಆಚೆ, ಕೆಳಗಿನದರಲ್ಲಿ ಈಚೆ. ಆ ರಾತ್ರಿಯೇ ಹುಡುಕಿಸಿ, ಪಟ್ಟಿಯಲ್ಲಿದ್ದ ಇಂಥ 63 ಪದಗಳನ್ನು ತಿದ್ದಿದೆ. ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರಿಗೆ ಇದೊಂದಕ್ಕಾಗಿಯೇ ಇದನ್ನು ಹಾಕಿಕೊಳ್ಳಿ ಎನ್ನುತ್ತೇನೆ.

ಬೇಸರ ಬಂದದ್ದೂ ಅಲ್ಲಿಂದಲೇ. ಈ ಸೌಲಭ್ಯದ ಹಿಂದೆ ಇರುವುದು 2021ರ ನವೆಂಬರಿನಲ್ಲಿ ಕೇಂಬ್ರಿಜ್ ಸಂಶೋಧಕರು ಬಯಲು ಮಾಡಿದ 'ಟ್ರೋಜನ್ ಸೋರ್ಸ್' ಎಂಬ ಮೋಸದ ಭಯ: ಕಾಣದ ಅಕ್ಷರ ತುರುಕಿ ಕೋಡನ್ನು ಒಂದು ತೋರಿಸಿ ಇನ್ನೊಂದು ಮಾಡಿಸುವುದು. ಹಾಗಾಗಿ ಕಾಣದ ಅಕ್ಷರ ಕಂಡಲ್ಲೆಲ್ಲ ಅದು ಅನುಮಾನ ಪಡುತ್ತದೆ. ನಮ್ಮ ಭಾಷೆಗೆ ಆ ಅಕ್ಷರ ಬೇಕೇ ಬೇಕು. 'ಸಾಫ್ಟ್‌ವೇರ್' ಎಂದು ಬರೆಯಲೂ ಅಂಥದ್ದೊಂದು ಬೇಕು. ಹೀಗಾಗಿ ನಮ್ಮ ಪದಪಟ್ಟಿಯ ಫೈಲ್ ತೆರೆದಾಗಲೆಲ್ಲ ನೆತ್ತಿಯ ಮೇಲೆ ಇಂಗ್ಲಿಷಿನ ಎಚ್ಚರಿಕೆ.

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ನಮಗೆ ಪದ ಕಳಿಸುತ್ತಾರೆ. ಕೋಡಿನ ಬದಲಾವಣೆ ದಾಖಲಿಸುವ ಗಿಟ್ ಅವರಿಗೆ ಗೊತ್ತಿಲ್ಲ, ಬ್ರೌಸರಿನಲ್ಲೇ ತಿದ್ದಿ ಕಳಿಸಬಹುದು ಎಂದು ಫೋನಿನಲ್ಲೇ ಹೇಳಿಕೊಟ್ಟಿದ್ದೆ, ಚೆನ್ನಾಗಿ ಕಲಿತರು. ಒಂದು ವಾರ ಸದ್ದಿಲ್ಲ. ಆಮೇಲೆ ಫೋನ್: "ಏನಪ್ಪಾ, ನಾನು ಕಳಿಸಿದ್ದರಲ್ಲಿ ವೈರಸ್ ಇದೆಯಂತಲ್ಲ? ಹೆದರಿ ನಿಲ್ಲಿಸಿಬಿಟ್ಟೆ." ಎಪ್ಪತ್ತು ದಾಟಿದವರು, ಪದಕ್ಕೆ ಪದ ನಿಘಂಟು ನೋಡಿ ಕಳಿಸುವವರು. ಅವರಿಗೆ ಹಾಗನ್ನಿಸಿತಲ್ಲ ಎಂದು ತುಂಬಾ ಸಂಕಟವಾಯಿತು. ಭಾಷೆ ನೋಡಿ, ಕನ್ನಡದಲ್ಲಿ ಸಹಜವಾದ ಜಾಗದಲ್ಲಿದ್ದರೆ ಸುಮ್ಮನಿರುವುದನ್ನು ಆ ಎಚ್ಚರಿಕೆಗೆ ಯಾರಾದರೂ ಕಲಿಸಬೇಕು.

ಬೇರೆ ಕೊರತೆಗಳೂ ಇವೆ. ಸ್ವಂತ ಸರ್ವರ್ ಆದ್ದರಿಂದ ಹೊಸಬರು ಇನ್ನೊಂದು ಖಾತೆ ತೆರೆಯಬೇಕು, ಎಷ್ಟೋ ಜನ ಅಲ್ಲಿಗೇ ವಾಪಸ್ ಹೋಗುತ್ತಾರೆ. ಬ್ಯಾಕಪ್ ನಮ್ಮದೇ ಹೊಣೆ. ಅದನ್ನೆಲ್ಲ ಸಹಿಸಿಕೊಳ್ಳಬಲ್ಲೆ.

ತಿದ್ದುಪಡಿ ಕಳಿಸುವ ನಮೂನೆಯ ಮೊದಲ ಸಾಲಿನಲ್ಲೇ ಈಗ ಕನ್ನಡದಲ್ಲಿ ಬರೆದಿಟ್ಟಿದ್ದೇನೆ: 'ಎಚ್ಚರಿಕೆ ಕಂಡರೆ ಗಾಬರಿ ಬೇಡ, ಅದು ನಿಮ್ಮ ತಪ್ಪಲ್ಲ. ತ್ರಿಕೋನ ಒತ್ತಿ, ಜೋಡಕ ಎಲ್ಲಿದೆ ನೋಡಿ.' ಹೋದ ವಾರ ಬೇರೆಯವರು ಕಳಿಸಿದ 'ರ‍್ಯಾಲಿ' ಪದದ ಕೆಳಗೆ ಮೇಷ್ಟ್ರು ಟಿಪ್ಪಣಿ ಹಾಕಿದ್ದಾರೆ: "ಜೋಡಕ ಹಲಂತದ ಆಚೆ ಕೂತಿದೆ, ಈಚೆಗೆ ತನ್ನಿ."